ಕಿಟಕಿಯತ್ತ ತಿರುಗಿ ಗಾಡಿ ಎಣಿಸುತ್ತಿದ್ದವರು

ಕಳೆದ ಶನಿವಾರ ನಮ್ಮ ಸಂಘದ ಹಳೆಯ ಯುನಿಕ್ಸ್ ಕಂಪ್ಯೂಟರ್ ಯಂತ್ರವನ್ನು ಕೊನೆಯ ಸಲ ಆರಿಸಿದೆವು. ಎರಡು ಸಾವಿರದ ಇಸವಿ ಹುಟ್ಟಿದರೆ ಅದಕ್ಕೆ ತಾರೀಖು ತಪ್ಪುತ್ತದೆ ಎಂದು ಹೊಸದೊಂದನ್ನು ತಂದಾಗಿದೆ. ನಾನು ತಪ್ಪದೆ ಡೈರಿ ಬರೆಯುವವನು. ಆ ದಿನದ ಪುಟದಲ್ಲಿ ಯಂತ್ರ ಆರಿದ ಹೊತ್ತು, ಕೋಣೆಯ ಉಷ್ಣಾಂಶ, ಹಾಜರಿದ್ದವರು ಯಾರು ಯಾರು ಎಂಬುದನ್ನೆಲ್ಲ ಬರೆದೆ. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದ ಮೇಲೂ ಏನೋ ಉಳಿದಿತ್ತು. ಆ ಯಂತ್ರವನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿನ ವಿಷಯ ಡೈರಿಯ ಒಂದು ಪುಟದಲ್ಲಿ ಹಿಡಿಯುವಂಥದ್ದಲ್ಲ. ಅದಕ್ಕೇ ಈ ಬರಹ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುವುದಿಲ್ಲ. ಯಂತ್ರದ ಒಳಗೆ ಹೋಗಲು ಒಂದು ಹೆಸರು ಬೇಕು, ಒಂದು ಗುಟ್ಟಿನ ಪದ ಬೇಕು. ಹೆಸರು ಗೊತ್ತಾಯಿತೆಂದರೆ ಅರ್ಧ ಬಾಗಿಲು ತೆಗೆದ ಹಾಗೆಯೇ ಎನ್ನುತ್ತಿದ್ದರು ಅವರು. ಕಚೇರಿಯಲ್ಲಿ ನಾವು ಮೇಡಂ ಎನ್ನುತ್ತಿದ್ದೆವು. ಗಾಡಿ ಕಟ್ಟಿಕೊಂಡು ಬರುತ್ತಿದ್ದ ರೈತರು ‘ಮಿಷಿನಕ್ಕ’ ಎನ್ನುತ್ತಿದ್ದರು. ಎರಡನೆಯದೇ ಅವರಿಗೆ ಇಷ್ಟವಾಗಿತ್ತೆಂದು ನನ್ನ ಊಹೆ. ಮೇಡಂ ಎಂದರೆ ಕೂತಲ್ಲಿಂದಲೇ ‘ಹೂಂ’ ಎನ್ನುತ್ತಿದ್ದವರು, ಕಿಟಕಿಯ ಹೊರಗಿನಿಂದ ಯಾರಾದರೂ ಮಿಷಿನಕ್ಕ ಎಂದು ಕರೆದರೆ ಕುರ್ಚಿಯಿಂದ ಎದ್ದು ಹೋಗುತ್ತಿದ್ದರು.

ಸಂಘವೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಕೆಲವು ಊರಿನ ಕಬ್ಬು ಬೆಳೆಗಾರರು ಸೇರಿ ಕಟ್ಟಿಕೊಂಡದ್ದು. ಅದರ ಮುಖ್ಯ ಕೆಲಸ ಕಟಾವಿನ ಸರದಿ ಹಾಕುವುದು. ಮೊದಲು ನಾಟಿ ಮಾಡಿದವನ ಕಬ್ಬನ್ನು ಮೊದಲು ಕಡಿಯಬೇಕು. ಕಡಿಯುವ ಆಳುಗಳು, ಸಾಗಿಸುವ ಗಾಡಿಗಳು ಎಲ್ಲ ಆ ಸರದಿಯಂತೆ ಊರಿಂದೂರಿಗೆ ಹೋಗಬೇಕು. ಸರದಿ ತಪ್ಪಿ ಕಬ್ಬು ಗದ್ದೆಯಲ್ಲೇ ನಿಂತರೆ ಸೂಲಂಗಿ ಬಿಡುತ್ತದೆ. ತುದಿಯಲ್ಲಿ ಬಿಳಿಯ ಗರಿಯಂಥ ಹೂವು, ಒಳಗೆ ಬರೀ ಬೆಂಡು. ವರ್ಷದ ದುಡಿಮೆ ಹಗುರಾಗಿ ಹೋಗುತ್ತದೆ. ಮೊದಲು ಈ ಸರದಿಯನ್ನು ದೊಡ್ಡ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರಂತೆ. ನಾನು ಸೇರಿದ ತೊಂಬತ್ತೈದರ ಹೊತ್ತಿಗೆ ಅದು ಯಂತ್ರದೊಳಗೆ ಹೋಗಿತ್ತು. ಪಾಂಡವಪುರ ಸ್ಟೇಷನ್ನಿಗೆ ಹತ್ತಿರದ ನಮ್ಮ ಮುಖ್ಯ ಕಚೇರಿಯಲ್ಲಿ ಯಂತ್ರ. ಅದಕ್ಕೆ ತಂತಿಯಿಂದ ಕಟ್ಟಿದ ಹಸಿರು ಅಕ್ಷರದ ಪರದೆಗಳು ನಾಲ್ಕು ಮೇಜಿನ ಮೇಲೆ. ಉಳಿದ ಮೂರು ತಾಲ್ಲೂಕಿನ ಶಾಖೆಗಳಲ್ಲಿ ಒಂದೊಂದು ಪರದೆ. ಅವು ಮೋಡೆಮ್ ಹಾಕಿ, ಟೆಲಿಫೋನ್ ತಂತಿಯ ಮೇಲೆ ಕೀರಲು ದನಿಯಲ್ಲಿ ಕೂಗಿಕೊಂಡು ನಮ್ಮ ಯಂತ್ರದೊಳಕ್ಕೆ ಬರುತ್ತಿದ್ದವು.

ನಾನು ಚಿನಕುರಳಿಯಿಂದ ಸೈಕಲ್ಲಿನಲ್ಲಿ ಬಂದು ಡಾಟಾ ಎಂಟ್ರಿ ಕೆಲಸಕ್ಕೆ ಸೇರಿದ ಮೊದಲ ದಿನ ಮೇಡಂ ನನಗೊಂದು ಖಾತೆ ತೆರೆದರು. ಪಾಸ್‌ವರ್ಡ್ ಹೊಡಿಯಪ್ಪ ಎಂದು ಕೀಬೋರ್ಡನ್ನು ನನ್ನ ಕಡೆ ತಳ್ಳಿ, ಎದ್ದುಹೋಗಿ ಕಿಟಕಿಗೆ ಮುಖ ಮಾಡಿ ನಿಂತುಬಿಟ್ಟರು. ಹೊರಗೆ ಹುಣಸೆಮರದ ಕೆಳಗೆ ಎತ್ತಿನ ಗಾಡಿಗಳು ಸಾಲಾಗಿದ್ದವು. ಅವುಗಳನ್ನು ಗಟ್ಟಿಯಾಗಿ ಎಣಿಸತೊಡಗಿದರು. ಒಂದು, ಎರಡು, ಮೂರು, ಆ ಕೆಂಪು ಕೊಂಬಿಂದು ನಾಕು. ನನಗೆ ಗಾಬರಿ. ಈಯಮ್ಮ ಯಾಕೆ ಗಾಡಿ ಎಣಿಸುತ್ತಿದ್ದಾರೆ, ನಾನೂ ಎಣಿಸಬೇಕೆ? ಮುಗಿಯಿತು ಎಂದ ಮೇಲೆ ಈ ಕಡೆ ತಿರುಗಿದರು. ತಿಂಗಳು ಕಳೆದು ಸಲಿಗೆ ಬಂದ ಮೇಲೆ ಕೇಳಿದೆ. ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಆದರೆ ಬೆರಳು ಕಾಣುತ್ತದೆ, ಅದಕ್ಕೇ ಮುಖ ತಿರುಗಿಸುವುದು. ಮುಖ ತಿರುಗಿಸಿದರೂ ಕಿವಿ ಇಲ್ಲೇ ಇರುತ್ತದೆ. ಕೀಲಿಯ ಟಕಟಕದಿಂದ ಎಷ್ಟಕ್ಷರವೆಂದು ತಿಳಿದುಬಿಡುತ್ತದೆ. ಅದಕ್ಕೇ ಗಾಡಿ ಎಣಿಸುವುದು. ‘ಬಾಯಿ ಒಂದ್ ಎಣಿಸ್ತಿದ್ರೆ ಕಿವಿ ಇನ್ನೊಂದ್ ಎಣಿಸಾಕಾಗಲ್ಲ ಕಣಪ್ಪ’ ಎಂದರು. ಕಾರ್ಯದರ್ಶಿಗಳು ಹೊಡೆಯುವಾಗಲೂ ಹೀಗೆಯೇ, ಕಸ ಗುಡಿಸುವ ಚಿಕ್ಕತಾಯಮ್ಮ ತಮಾಷೆಗೆ ಕೀಬೋರ್ಡ್ ಮುಟ್ಟಿದರೂ ಹೀಗೆಯೇ.

ಅವರ ಊರು ಪಾಲಹಳ್ಳಿ. ಬೆಳಗ್ಗೆ ಶ್ರೀರಂಗಪಟ್ಟಣಕ್ಕೆ ಬಂದು ಪ್ಯಾಸೆಂಜರ್ ರೈಲು ಹತ್ತಿ, ಮುಂದಿನ ಸ್ಟೇಷನ್ನಿನಲ್ಲೇ ಇಳಿಯುತ್ತಿದ್ದರು. ಗಂಜಿ ಹಾಕಿದ ನೂಲಿನ ಸೀರೆ, ಬೇಸಿಗೆಯಲ್ಲೂ ಕೊಡೆ. ಚಪ್ಪಲಿಯನ್ನು ಯಂತ್ರದ ಕೋಣೆಯ ಹೊರಗೇ ಬಿಡುತ್ತಿದ್ದರು. ಅದು ಭಕ್ತಿಯಲ್ಲ, ದೂಳು ಎನ್ನುತ್ತಿದ್ದರು. ಆದರೆ ಆಯುಧಪೂಜೆಯ ದಿನ ಯಂತ್ರದ ಮೇಲೆ ಕುಂಕುಮದ ನೀರು ಚಿಮುಕಿಸಲು ಬಂದ ಜವಾನನನ್ನು ತಡೆದು, ಬೊಟ್ಟನ್ನು ತಾವೇ ಒಣಬೆರಳಲ್ಲಿ ಇಟ್ಟದ್ದನ್ನು ನಾನು ನೋಡಿದ್ದೇನೆ. ಡಬ್ಬಿಯಲ್ಲಿ ದಿನವೂ ರೊಟ್ಟಿ, ಹುಚ್ಚೆಳ್ಳು ಚಟ್ನಿ. ತಿಂದ ಕೈಯನ್ನು ತೊಳೆದು, ಒರೆಸಿ, ಒಮ್ಮೆ ಮೂಸಿ ನೋಡಿಯೇ ಕೀಬೋರ್ಡ್ ಮುಟ್ಟುತ್ತಿದ್ದರು.

ಅವರ ತಂದೆ ನೀರುಗಂಟಿ. ನಾಲೆಯ ತೂಬು ತೆಗೆದು ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುವ ಕೆಲಸ. ತೂಬಿನ ಕೀಲಿ ಸೊಂಟದಲ್ಲಿ ಇದ್ದವನ ಮನೆಗೆ ಬೇಸಿಗೆ ಬಂದರೆ ನೆಂಟರು ಹೆಚ್ಚಂತೆ. ಮಾವಂದಿರು, ಷಡ್ಡಕರು ಬಂದು ಮುದ್ದೆ ಉಂಡು ಎಲೆಯಡಿಕೆ ಹಾಕಿಕೊಂಡು ಮೆಲ್ಲಗೆ ಗದ್ದೆಯ ಮಾತೆತ್ತುತ್ತಿದ್ದರಂತೆ. ತಂದೆ ಕೇಳಿಸಿಕೊಳ್ಳುತ್ತಿದ್ದರು, ಮಜ್ಜಿಗೆ ಕೊಡಿಸುತ್ತಿದ್ದರು, ನೀರು ಕೊಡುತ್ತಿರಲಿಲ್ಲ. ಅವರ ಸ್ವಂತ ತುಂಡು ಗದ್ದೆಗೆ ಎಲ್ಲರದ್ದೂ ಆದ ಮೇಲೆಯೇ ನೀರು. ಈ ಕತೆಯನ್ನು ಮೇಡಂ ಹೇಳಿದ್ದು ನನಗೆ ರೂಟ್ ಎಂದರೇನೆಂದು ತಿಳಿಸುವಾಗ. ಯುನಿಕ್ಸ್ ಯಂತ್ರದಲ್ಲಿ ಪ್ರತಿಯೊಬ್ಬರಿಗೂ ಅವರವರ ಗದ್ದೆ, ಅವರವರ ಬದು. ಕೆ.ಆರ್. ಪೇಟೆ ಶಾಖೆಯವರು ತಮ್ಮ ತಾಲ್ಲೂಕಿನ ಬೆಳೆಗಾರರ ನಾಟಿ ತಾರೀಖನ್ನಷ್ಟೇ ತಿದ್ದಬಹುದು, ನಾಗಮಂಗಲದವರದನ್ನು ಮುಟ್ಟಲಾಗದು. ರೂಟ್ ಎಂಬ ಖಾತೆಗೆ ಮಾತ್ರ ಬದುವೇ ಇಲ್ಲ. ಯಾವ ಬಾಗಿಲೂ ತೆರೆಯುತ್ತದೆ, ಏನನ್ನೂ ಅಳಿಸುತ್ತದೆ, ಅಳಿಸಿದ್ದಕ್ಕೆ ಗುರುತೂ ಉಳಿಯದಂತೆ ಮಾಡುತ್ತದೆ. ಮೇಡಂ ತಮ್ಮ ದಿನದ ಕೆಲಸವನ್ನೆಲ್ಲ ನಮ್ಮಂತೆಯೇ ಸಾದಾ ಖಾತೆಯಲ್ಲಿ ಮಾಡುತ್ತಿದ್ದರು. ರೂಟ್ ಆಗಲೇಬೇಕಾದಾಗ ಏನು ಮಾಡಬೇಕೆಂದು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಒಳಗೆ ಹೋಗಿ, ಮುಗಿಸಿ, ಹೊರಗೆ ಬಂದು, ಉಸಿರು ಬಿಟ್ಟು, ನೀರು ಕುಡಿಯುತ್ತಿದ್ದರು. ರೂಟ್ ಆಗಿ ಕೂತುಕೊಂಡೇ ಟೀ ಕುಡಿದದ್ದನ್ನು ನಾನು ನೋಡಿಲ್ಲ.

ಗಂಭೀರದ ಹೆಂಗಸು ಎಂದುಕೊಳ್ಳಬೇಡಿ. ಕರೆಂಟಿನ ವಿಷಯದಲ್ಲಿ ಅವರ ಬಾಯಿ ಕೇಳಬೇಕಿತ್ತು. ಯಂತ್ರವನ್ನು ಆರಿಸುವ ಮೊದಲು, ನೆನಪಿನಲ್ಲಿ ಇರುವುದನ್ನೆಲ್ಲ ಡಿಸ್ಕಿಗೆ ಇಳಿಸು ಎಂದು ಹೇಳುವ ಸಿಂಕ್ ಎಂಬ ಆಜ್ಞೆಯೊಂದಿದೆ. ಅದನ್ನು ಮೂರು ಸಲ ಹೊಡೆಯುತ್ತಿದ್ದರು. ಒಂದು ಸಲ ಸಾಲದೇ ಎಂದು ಕೇಳಿದ್ದಕ್ಕೆ, ‘ಮೊದಲ್ನೇದು ಮಿಷಿನ್ನಿಗೆ, ಎರಡ್ನೇದು ನನ್ನ ಸಮಾಧಾನಕ್ಕೆ, ಮೂರ್ನೇದು ಕರೆಂಟಿನೋರಿಗೆ’ ಎಂದರು. ಮೂರನೆಯದು ಮುಗಿಯುವಷ್ಟರಲ್ಲಿ ದೀಪ ಹೋದ ದಿನಗಳನ್ನು ನಾನು ಡೈರಿಯ ಕೊನೆಯ ಪುಟದಲ್ಲಿ ಗೀಟು ಹಾಕಿ ಗುರುತು ಮಾಡಿದ್ದೇನೆ. ಆ ಪುಟ ತುಂಬಿ ಪಕ್ಕದ ಪುಟಕ್ಕೂ ಹೋಗಿದೆ.

ಶನಿವಾರಗಳಂದು ಎಲ್ಲವನ್ನೂ ಟೇಪಿಗೆ ಇಳಿಸಿ, ಆ ಟೇಪನ್ನು ಸೀರೆಯ ಚೂರಿನಲ್ಲಿ ಸುತ್ತಿ, ಶ್ರೀರಂಗಪಟ್ಟಣ ಶಾಖೆಯ ಕಬ್ಬಿಣದ ಬೀರುವಿನಲ್ಲಿ ಇಡಲು ಒಯ್ಯುತ್ತಿದ್ದರು. ಒಯ್ಯುವ ಮೊದಲು ಯಾವುದಾದರೊಂದು ಕಡತವನ್ನು ಅದರಿಂದ ವಾಪಸು ಓದಿ, ಸಾಲುಸಾಲಾಗಿ ಹೋಲಿಸಿ ನೋಡುತ್ತಿದ್ದರು. ನನಗೆ ಬೇಸರ, ಊರಿಗೆ ಹೊರಡುವ ಹೊತ್ತು. ಬರೆದಿದೆ ಎಂದು ಯಂತ್ರವೇ ಹೇಳುತ್ತಿದೆಯಲ್ಲ ಎಂದರೆ, ಸಾರಿಗೆ ಉಪ್ಪು ಹಾಕಿದ್ದೇನೆ ಅಂತ ಅಡುಗೆಯವನೂ ಹೇಳುತ್ತಾನೆ, ನಾಲಿಗೆಗೆ ಬಿಟ್ಟುಕೊಂಡು ನೋಡಬೇಡವೇ ಎನ್ನುತ್ತಿದ್ದರು.

ಇನ್ನು ಆ ಜೂನ್ ತಿಂಗಳ ಕತೆ. ತೊಂಬತ್ತಾರನೆಯ ಇಸವಿ. ಕಟಾವಿಲ್ಲದ ಕಾಲ, ಕೆಲಸ ಕಡಿಮೆ. ಒಂದು ಬೆಳಗ್ಗೆ ಮೇಡಂ ಸಿಬ್ಬಂದಿಯ ಖಾತೆಗಳ ಹೆಸರನ್ನು ಮುಂದಿಟ್ಟುಕೊಂಡು ಕೂತರು. ಒಬ್ಬೊಬ್ಬರ ಹೆಸರು ನೋಡಿ ಇವರು ಯಾವೂರಿನವರಪ್ಪ ಎಂದು ನನ್ನನ್ನು ಕೇಳುವರು, ನಾನು ಹೇಳುವೆ, ಅವರು ತುಸು ಯೋಚಿಸಿ ಏನೋ ಹೊಡೆಯುವರು. ಮಧ್ಯಾಹ್ನದ ಊಟದ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲರ ಖಾತೆಯ ಒಳಗೂ ಹೋಗಿ ಬಂದಿದ್ದರು. ನನ್ನದರೊಳಗೂ. ರೂಟ್ ಬಳಸಿರಲಿಲ್ಲ, ಬರೀ ಊಹೆ. ಇಡೀ ಸಂಘದವರು ತಂತಮ್ಮ ಮನೆದೇವರ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಗುಟ್ಟಾದ, ಮರೆಯಲಾಗದ, ಕಾಯುವಂಥ ಒಂದು ಪದ ಬೇಕೆಂದರೆ ನಮ್ಮ ಕಡೆಯ ಮನುಷ್ಯನಿಗೆ ಬೇರೇನು ಹೊಳೆಯುತ್ತದೆ? ಮಾರಮ್ಮ, ಮಂಚಮ್ಮ, ಬೋರೇದೇವರು, ಭೈರವ. ಆದರೆ ಒಬ್ಬನ ಊರು, ಕುಲ ಗೊತ್ತಿದ್ದರೆ ಅವನ ಮನೆದೇವರು ನಾಲ್ಕು ತಾಲ್ಲೂಕಿಗೂ ಗೊತ್ತು. ಹೆಣ್ಣು ಕೊಟ್ಟು ತರುವ ಜನಕ್ಕೆ ಅದು ಬಾಯಿಪಾಠ.

ಮೇಡಂ ಯಾರನ್ನೂ ನಗೆಪಾಟಲು ಮಾಡಲಿಲ್ಲ. ಮೇಜಿನಿಂದ ಮೇಜಿಗೆ ಹೋಗಿ, ಬಗ್ಗಿ, ಅವರವರ ಕಿವಿಯಲ್ಲಿ ಅವರವರ ದೇವರ ಹೆಸರನ್ನು ಹೇಳಿ ಬಂದರು. ಶಾಖೆಯವರಿಗೆ ಫೋನು ಮಾಡಿ ಹೇಳಿದರು. ಒಬ್ಬೊಬ್ಬರ ಮುಖವೂ ಕಳೆಗುಂದಿದ್ದು ನೆನಪಿದೆ. ಹೊರಗಿನಿಂದ ಯಾರೋ ಕಳ್ಳ ಬಂದು ಬಾಗಿಲು ಮುರಿಯುತ್ತಾನೆ ಎಂದುಕೊಂಡಿದ್ದೆವು. ಕಳ್ಳ ಬೇಕಾಗಿಲ್ಲ, ಬೀಗರು ಸಾಕು ಎಂದು ಅವತ್ತು ತಿಳಿಯಿತು. ಆ ವಾರದಲ್ಲಿ ಎಲ್ಲರೂ ಬದಲಾಯಿಸಿದರು, ಒಬ್ಬರನ್ನು ಬಿಟ್ಟು.

ಆ ಒಬ್ಬರು ಕೆ.ಆರ್. ಪೇಟೆ ಶಾಖೆಯ ಗುಮಾಸ್ತ ನಂಜಪ್ಪನವರು. ಅಕ್ಕಿಹೆಬ್ಬಾಳಿನವರು, ಪುಸ್ತಕದ ಕಾಲದಿಂದಲೂ ಇದ್ದವರು, ಮುಂದಿನ ಬೇಸಿಗೆಗೆ ನಿವೃತ್ತಿ. ಅವರ ಮನೆದೇವರು ನರಸಿಂಹ. ಈ ವಿಷಯಕ್ಕೆಂದೇ ಬಸ್ಸು ಹತ್ತಿ ಪಾಂಡವಪುರಕ್ಕೆ ಬಂದರು. ಟವೆಲ್ಲನ್ನು ಮಡಿಲಲ್ಲಿ ಮಡಿಸಿಕೊಂಡು ಕೂತು ಕೇಳಿಕೊಂಡರು.

‘ಕುರ್ಚಿ ಮುಟ್ಟಾಕ್ ಮುಂಚೆ ಆ ಎಸ್ರು ಯೋಳ್ದೆ ಇದ್ದ ದಿನ ಇಲ್ಲ ಕಣವ್ವ. ಈ ಗಾಜಿನ್ ಪೆಟ್ಗೆ ಮುಂದೆ ಕುಂತ್ರೆ ನಂಗೆ ಇವತ್ಗೂ ದಿಗ್ಲಾಯ್ತದೆ. ಆ ಎಸ್ರು ಒಡದ್ರೆ ಒಳಿಕ್ ಬುಟ್ಕೊತದೆ ಅನ್ನೋದೇ ಒಂದ್ ಧೈರ್ಯ. ಇನ್ನೇಟ್ ದಿನ ಇದ್ದೇನು ನಾನು, ಅದೊಂದ್ ಇರ್ಲಿ ಬುಡವ್ವ.’

ಮೇಡಂ ಇರಲಿ ಎಂದುಬಿಟ್ಟರು. ಅವರು ಇರಲಿ ಎಂದದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಕಟಾವು ಶುರುವಾಯಿತು. ಡಿಸೆಂಬರ್ ದಾಟಿ ಜನವರಿ ಬಂತು. ಒಂದು ದಿನ ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಯ ರೈತರೊಬ್ಬರು ಕಿಟಕಿಯ ಹತ್ತಿರ ಬಂದು ಮಿಷಿನಕ್ಕನನ್ನು ಕರೆದರು. ಕೈಯಲ್ಲಿ ತುದಿಗೆ ಹೂವು ಬಿಟ್ಟ ಒಂದು ಜಲ್ಲೆ. ಅದನ್ನು ಸರಳಿನ ಸಂದಿಯಿಂದ ಒಳಗೆ ಚಾಚಿದರು.

‘ನಂ ಕಬ್ಬು ತಲೆ ಬೆಳ್ಳಗ್ ಮಾಡ್ಕಂಡ್ ನಿಂತದೆ ನೋಡವ್ವ. ಮುದುಕ್ರಂಗೆ. ಸರ್ದಿ ಇನ್ನೂ ಬಂದಿಲ್ಲ ಅಂತಾವ್ರೆ. ನನ್ನಾದ್ಮೇಲ್ ನೆಟ್ಟೋನ್ದು ಆಗ್ಲೇ ಆಲೆಮನೆ ಸೇರೈತೆ.’

ನಾಗಮಂಗಲ ಶಾಖೆ ಏನೂ ತಪ್ಪು ಮಾಡಿರಲಿಲ್ಲ. ಮೇಡಂ ಸರದಿಯನ್ನು ಮೇಲಿನಿಂದ ಓದುತ್ತ ಬಂದರು. ಕೆ.ಆರ್. ಪೇಟೆ ತಾಲ್ಲೂಕಿನ ಒಂದೇ ಊರಿನ ಹಲವರ ನಾಟಿ ತಾರೀಖು ತಿಂಗಳಷ್ಟು ಹಿಂದಕ್ಕೆ ಹೋಗಿತ್ತು. ಹಿಂದಕ್ಕೆ ಹೋದದ್ದರಿಂದ ಅವರು ಸರದಿಯಲ್ಲಿ ಮುಂದಕ್ಕೆ ಬಂದಿದ್ದರು. ಹೊಣಕೆರೆಯವರು ಕೆಳಗೆ ತಳ್ಳಿಸಿಕೊಂಡಿದ್ದರು. ತಿದ್ದುಪಡಿಗಳೆಲ್ಲ ನಂಜಪ್ಪನವರ ಖಾತೆಯಿಂದ ಆಗಿದ್ದವು. ಮೇಡಂ ಆ ಕ್ಷಣವೇ ಕಾರ್ಯದರ್ಶಿಗಳಿಗೆ ತಿಳಿಸಿದರು. ತಿಳಿಸಿ ಬಂದವರೇ ತಿದ್ದುಪಡಿ ಆದ ವಾರಕ್ಕಿಂತ ಹಿಂದಿನ ಟೇಪನ್ನು ತರಿಸಿ, ನಾಟಿ ತಾರೀಖುಗಳನ್ನು ಮೊದಲಿನಂತೆ ಮಾಡಿದರು. ಶನಿವಾರದ ಉಪ್ಪು ನೋಡುವ ಅಭ್ಯಾಸದ ಬೆಲೆ ನನಗೆ ಆಗ ಗೊತ್ತಾಯಿತು. ಟೇಪು ಒಂದಕ್ಷರ ತಪ್ಪದೆ ಓದಿಕೊಟ್ಟಿತು. ಹೊಣಕೆರೆಯ ಕಬ್ಬಿಗೆ ಮರುವಾರವೇ ಆಳು ಹೋದರು.

ಆದರೆ ನಂಜಪ್ಪನವರ ಗತಿ ಬೇರೆಯಾಗಿತ್ತು. ಅವರನ್ನು ಕೆಲಸದಿಂದ ಅಮಾನತು ಮಾಡಿದರು. ವಿಚಾರಣೆ ಆಗಿ, ತಪ್ಪು ಅವರದೆಂದಾದರೆ, ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಕಳ್ಳನೆನಿಸಿಕೊಂಡು ಮನೆಗೆ ಹೋಗಬೇಕಾಗಿತ್ತು. ಊರಿನಲ್ಲಿ ಹೇಗೆ ತಲೆಯೆತ್ತುವುದು ಎಂದು ಅವರು ಬಸ್‌ಸ್ಟಾಂಡಿನ ಹೋಟೆಲಿನಲ್ಲಿ ನನ್ನೆದುರು ಅತ್ತರು.

ಮೇಡಂ ಲಾಗ್ ತೆಗೆದು ನೋಡಿದರು. ಯಾರು, ಯಾವಾಗ, ಯಾವ ತಂತಿಯಿಂದ ಒಳಗೆ ಬಂದರು ಎಂಬುದನ್ನು ಯಂತ್ರ ತಾನಾಗಿಯೇ ಗುರುತಿಟ್ಟುಕೊಳ್ಳುತ್ತದೆ. ಕೆ.ಆರ್. ಪೇಟೆಯಿಂದ ಬಂದರೆ ಮೋಡೆಮ್ಮಿನ ತಂತಿಯಿಂದಲೇ ಬರಬೇಕು. ತಿದ್ದುಪಡಿ ನಡೆದ ಮಧ್ಯಾಹ್ನ ನಂಜಪ್ಪನವರ ಹೆಸರಿನಲ್ಲಿ ಒಳಗೆ ಬಂದವರು ನಮ್ಮ ಕಚೇರಿಯ ಮೂರನೆಯ ಮೇಜಿನ ಪರದೆಯಿಂದ ಬಂದಿದ್ದರು. ಅಲ್ಲಿ ಕೂರುತ್ತಿದ್ದದ್ದು ಲೆಕ್ಕದ ವಿಭಾಗದ ಒಬ್ಬ ಯುವಕ. ಅವನ ಸೋದರಮಾವನ ಗದ್ದೆ ಇದ್ದದ್ದು ತಾರೀಖು ಹಿಂದಕ್ಕೆ ಹೋಗಿದ್ದ ಆ ಊರಿನಲ್ಲೇ. ಅವನ ಊರು ಅಕ್ಕಿಹೆಬ್ಬಾಳಿನ ಪಕ್ಕದ್ದು.

ವಿಚಾರಣೆಯ ಹಿಂದಿನ ಸಂಜೆ ಮೇಡಂ ಆ ಸಾಲನ್ನು ಪರದೆಯ ಮೇಲೆ ತಂದು ನೋಡುತ್ತ ಕೂತಿದ್ದರು. ಇಷ್ಟು ಸಾಕಲ್ಲ, ನಂಜಪ್ಪನವರು ಗೆದ್ದ ಹಾಗೆಯೇ ಎಂದೆ ನಾನು. ಅವರು ತಲೆಯಾಡಿಸಿದರು. ಪಾಸ್‌ವರ್ಡನ್ನು ಹುಡುಗನಿಗೆ ನಂಜಪ್ಪನೇ ಹೇಳಿಕೊಟ್ಟ ಎನ್ನುತ್ತಾರೆ, ಅದಕ್ಕೆ ಏನು ಉತ್ತರ ಎಂದು ಕೇಳಿದರು. ಉತ್ತರ ಇಬ್ಬರಿಗೂ ಗೊತ್ತಿತ್ತು. ಅದನ್ನು ಹೇಳಿದರೆ ಜೂನ್ ತಿಂಗಳಲ್ಲಿ ಮೇಡಂ ಇರಲಿ ಎಂದದ್ದನ್ನೂ ಹೇಳಬೇಕಾಗುತ್ತಿತ್ತು.

‘ರೂಟ್ ಆಗಿ ಹೋದ್ರೆ ಈ ಸಾಲು ಅಳಿಸ್ಬೋದು, ಬೇರೆ ಬರೀಬೋದು. ಪಾಸ್‌ವರ್ಡ್ ಜೂನ್‌ನಲ್ಲೇ ಬದ್ಲಾಗಿತ್ತು ಅಂತ್ಲೂ ತೋರುಸ್ಬೋದು. ಅವ್ರಿಗೆ ಗೊತ್ತಾಗಲ್ಲ’ ಎಂದರು. ಆಮೇಲೆ ಪರದೆಯನ್ನು ಸೆರಗಿನಿಂದ ಒರೆಸಿ, ಖಾತೆಯಿಂದ ಹೊರಗೆ ಬಂದು, ಕೊಡೆ ತೆಗೆದುಕೊಂಡು ರೈಲಿಗೆ ಹೊರಟರು.

ಯಂತ್ರವನ್ನು ಸಭೆಗೆ ಒಯ್ಯಲಾಗದ್ದರಿಂದ ಸಭೆಯೇ ಯಂತ್ರದ ಕೋಣೆಗೆ ಬಂತು. ಕಾರ್ಯದರ್ಶಿಗಳು, ಮೂವರು ನಿರ್ದೇಶಕರು. ಅವರ ಚಪ್ಪಲಿಗಳನ್ನೂ ಮೇಡಂ ಹೊರಗೆ ಬಿಡಿಸಿದರು. ನಂಜಪ್ಪನವರು ಬಾಗಿಲ ಪಕ್ಕ ನಿಂತಿದ್ದರು. ಮೇಡಂ ಆ ಮಧ್ಯಾಹ್ನದ ಸಾಲನ್ನು ತೋರಿಸಿ, ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಗೋಡೆಗುಂಟ ಬೆರಳಿಟ್ಟುಕೊಂಡು ಮೂರನೆಯ ಮೇಜಿನವರೆಗೆ ನಡೆದು ತೋರಿಸಿದರು. ಆ ಯುವಕ ಅವತ್ತು ರಜೆ ಹಾಕಿದ್ದ. ನಿರ್ದೇಶಕರಲ್ಲಿ ಹಿರಿಯರಾದವರು ಅಂದುಕೊಂಡಿದ್ದ ಪ್ರಶ್ನೆಯನ್ನೇ ಕೇಳಿದರು.

‘ಆತ ಯೋಳ್ಕೊಡ್ದೆ ಇನ್ನೊಬ್ಬಂಗೆ ಎಂಗಮ್ಮ ಗೊತ್ತಾತದೆ? ಇಬ್ರೂ ಸೇರ್ಕಂಡೇ ಮಾಡಿರ್ಬೇಕು.’

‘ಯಾರೂ ಏಳ್ಕೊಡ್ಬೇಕಾಗಿರ್ಲಿಲ್ಲ ಸಾರ್’ ಎಂದರು ಮೇಡಂ. ‘ನಂಗೂ ಯಾರೂ ಏಳ್ಕೊಟ್ಟಿರ್ಲಿಲ್ಲ. ಅವ್ರು ಅಕ್ಕಿಹೆಬ್ಬಾಳಿನೋರು ಅನ್ನೋದಷ್ಟೇ ಗೊತ್ತಿತ್ತು. ಜೂನ್ ತಿಂಗ್ಳಲ್ಲಿ ನಾನೇ ಇದ್ರೊಳಿಕ್ಕೆ ಹೋಗಿ ಬಂದಿದ್ದೆ.’

ಹಾಗಿದ್ದ ಮೇಲೆ ಬದಲಾಯಿಸಬೇಕಿತ್ತಲ್ಲ ಎಂದರು ಕಾರ್ಯದರ್ಶಿಗಳು.

‘ಎಲ್ಲಾರ್ದೂ ಬದ್ಲಾಯಿಸ್ದೆ. ಇವ್ರದ್ದೊಂದು ಬಿಟ್ಟೆ. ಬಿಟ್ಟೋಳು ನಾನು ಸಾರ್, ಬರ್ಕೊಳ್ಳಿ.’

ನಂಜಪ್ಪನವರು ಎರಡು ಹೆಜ್ಜೆ ಮುಂದೆ ಬಂದು, ತಾನೇ ಕೇಳಿಕೊಂಡದ್ದು ಸ್ವಾಮಿ, ಆ ತಾಯಿದೇನೂ ತಪ್ಪಿಲ್ಲ ಎಂದು ಶುರುಮಾಡಿದರು. ಮೇಡಂ ಅವರ ಕಡೆ ತಿರುಗಿದರು.

‘ಕೇಳೋದು ನಿಮ್ಮಿಷ್ಟ ನಂಜಪ್ನೋರೆ. ತೂಬಿನ ಕೀಲಿ ನನ್ನ ಸೊಂಟದಲ್ಲಿತ್ತು.’

ನಂಜಪ್ಪನವರ ಮೇಲಿನ ಆಪಾದನೆ ಬಿದ್ದುಹೋಯಿತು. ಬೇಸಿಗೆಯಲ್ಲಿ ಶಾಲು ಹೊದೆಸಿಕೊಂಡು, ಹಾರ ಹಾಕಿಸಿಕೊಂಡು, ತಲೆಯೆತ್ತಿಕೊಂಡೇ ನಿವೃತ್ತರಾದರು. ಆ ಯುವಕನನ್ನು ಗೊಬ್ಬರದ ಗೋದಾಮಿಗೆ ಹಾಕಿದರು. ಮೇಡಮ್ಮಿಗೆ ಹೊಣಕೆರೆಯ ತೂಕದ ಕೇಂದ್ರಕ್ಕೆ ವರ್ಗವಾಯಿತು. ಅಲ್ಲಿ ಒಂದು ತಕ್ಕಡಿ, ಒಂದು ಟೆಲಿಫೋನು, ಒಂದು ಬೆಂಚು. ಪರದೆಯೂ ಇಲ್ಲ, ಕೀಬೋರ್ಡೂ ಇಲ್ಲ. ಇದು ಅನ್ಯಾಯ ಎಂದೆ ನಾನು. ಅವರು ಮಾತ್ರ ಪಾಲಹಳ್ಳಿಯಿಂದ ಹೊಣಕೆರೆಗೆ ಯಾವ ಬಸ್ಸು, ಎಲ್ಲಿ ಬದಲಾಯಿಸಬೇಕು ಎಂಬುದನ್ನು ನನ್ನಿಂದ ಬರೆಸಿಕೊಂಡರು.

ಹೋಗುವ ಮೊದಲು ನಂಜಪ್ಪನವರನ್ನು ಕರೆಸಿ ಹೊಸ ಪಾಸ್‌ವರ್ಡ್ ಹೊಡೆಸಿದರು. ಅವರು ಒಂದೇ ಬೆರಳಿನಿಂದ, ಒಂದೊಂದು ಅಕ್ಷರವನ್ನೂ ಹುಡುಕಿ ಹುಡುಕಿ ಹೊಡೆದರು. ಮೇಡಂ ಕಿಟಕಿಯ ಕಡೆ ನಿಂತು ಇದ್ದಬದ್ದ ಗಾಡಿಗಳನ್ನೆಲ್ಲ ಎಣಿಸಿ, ಎತ್ತುಗಳನ್ನು ಎಣಿಸಿ, ನೊಗಗಳನ್ನು ಎಣಿಸುವ ಹೊತ್ತಿಗೆ ನಂಜಪ್ಪನವರು ಮುಗಿಸಿ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

‘ಈಗಿಂದು ದೇವ್ರಿಗೂ ಗೊತ್ತಾಗಾಕಿಲ್ಲ ಬುಡವ್ವ’ ಎಂದರು.

ಆ ಕೋಣೆಯಲ್ಲಿ ಮೇಡಂ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮತ್ತೆ ಕೇಳಲಿಲ್ಲ.

ರೂಟ್ ನನ್ನ ಕೈಗೆ ಬಂತು. ಕೊನೆಯ ದಿನ ನನ್ನನ್ನು ಕೂರಿಸಿ ಹೊಸ ಪದ ಹೊಡೆಸಿದರು, ತಾವು ಗಾಡಿ ಎಣಿಸಿದರು. ಆಮೇಲೆ ಪಕ್ಕದ ಪರದೆಯಲ್ಲಿ ಕೂತು ತಮ್ಮ ಹಳೆಯ ಪದವನ್ನು ಹೊಡೆದು ನೋಡಿದರು. ಯಂತ್ರ ತಪ್ಪು ಎಂದಿತು. ಇನ್ನೊಮ್ಮೆ ಹೊಡೆದರು. ಮತ್ತೆ ತಪ್ಪು ಎಂದಿತು. ವರ್ಷಗಟ್ಟಲೆ ಸಾಕಿದ ಯಂತ್ರ ಅವರನ್ನು ಹೊರಗೇ ನಿಲ್ಲಿಸಿತ್ತು.

‘ಒಳ್ಳೇದು, ನನ್ನ ಗುರ್ತು ಇಡೀಲಿಲ್ಲ’ ಎಂದು ಮೇಜು ತಟ್ಟಿ ಎದ್ದರು.

ಆ ಮೇಲೆ ಅವರನ್ನು ಕಂಡದ್ದು ಕಡಿಮೆ. ಹೊಣಕೆರೆಯಿಂದ ಬರುವ ರೈತರು ಸುದ್ದಿ ತರುತ್ತಿದ್ದರು. ತಕ್ಕಡಿಯ ಕಲ್ಲುಗಳನ್ನು ಶನಿವಾರ ಶನಿವಾರ ಒಂದಕ್ಕೊಂದು ತೂಗಿ ನೋಡುತ್ತಾರಂತೆ. ಬೆಳ್ಳನೆ ತಲೆಯ ಜಲ್ಲೆ ತಂದಿದ್ದ ರೈತರ ಮನೆಯವರು ಅವರಿಗೆ ಮಧ್ಯಾಹ್ನ ಮಜ್ಜಿಗೆ ಕಳಿಸುತ್ತಾರಂತೆ. ಕುಡಿಯುತ್ತಾರೆ, ತೂಕದಲ್ಲಿ ಮಾತ್ರ ಒಂದು ಗುಲಗಂಜಿ ಹೆಚ್ಚು ಹಾಕುವುದಿಲ್ಲವಂತೆ. ನಾನು ಇಲ್ಲಿ ರೂಟ್ ಆಗಿ ಒಳಗೆ ಹೋಗುವ ಮೊದಲು ಚೀಟಿ ಬರೆದುಕೊಳ್ಳುವುದನ್ನು, ಹೊರಗೆ ಬಂದು ನೀರು ಕುಡಿಯುವುದನ್ನು ರೂಢಿ ಮಾಡಿಕೊಂಡೆ. ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಾಯಿಸಿದೆ. ಬದಲಾಯಿಸಿದ ದಿನಗಳು ನನ್ನ ಡೈರಿಯಲ್ಲಿ ಇವೆ, ಪದಗಳಿಲ್ಲ.

ಯಂತ್ರ ಆರಿಸುವ ದಿನ ಗೊತ್ತಾದಾಗ ಹೊಣಕೆರೆಗೆ ಫೋನು ಮಾಡಿ ಬರಬೇಕೆಂದೆ. ಏನು ಮಾಡಲಿಕ್ಕೆ ಎಂದರು. ನೀವೇ ಹಚ್ಚಿದ್ದು, ನೀವೇ ಆರಿಸಿ ಎಂದೆ. ಶನಿವಾರ ನಾಗಮಂಗಲದ ಬಸ್ಸಿನಲ್ಲಿ ಬಂದರು. ಅದೇ ಕೊಡೆ, ಕೂದಲು ಮುಂದುಗಡೆ ಬೆಳ್ಳಗಾಗಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು ಯಂತ್ರದ ಬೆನ್ನಿನ ಮೇಲೆ ಬೆರಳಾಡಿಸಿ ದೂಳು ಇದೆಯೇ ನೋಡಿದರು. ಇರಲಿಲ್ಲ. ನನಗೆ ಪರೀಕ್ಷೆ ಪಾಸಾದಂತಾಯಿತು.

ಆರಿಸಲು ರೂಟ್ ಆಗಬೇಕು. ನಾನು ಕುರ್ಚಿ ಬಿಟ್ಟು ಎದ್ದು, ಪದ ಹೇಳುತ್ತೇನೆ, ನೀವೇ ಹೊಡೀರಿ ಮೇಡಂ, ಇನ್ನು ಹತ್ತು ನಿಮಿಷಕ್ಕೆ ಯಂತ್ರವೇ ಇರುವುದಿಲ್ಲ, ಕದಿಯಲು ಏನಿದೆ ಎಂದೆ.

‘ಬ್ಯಾಡ. ಇನ್ನೂ ಉರೀತಾ ಐತಲ್ಲ’ ಎಂದರು.

ಎಂದವರೇ ಹೋಗಿ ಕಿಟಕಿಗೆ ಮುಖ ಮಾಡಿ ನಿಂತರು. ನಾನು ಕೂತೆ. ಹಿಂದಿನಿಂದ ಅವರ ದನಿ ಬರತೊಡಗಿತು. ಒಂದು, ಎರಡು, ಮೂರು. ನನ್ನ ಬೆರಳು ಓಡಲಿಲ್ಲ. ಒಂದು ಸಲ ತಪ್ಪು ಹೊಡೆದು, ಮತ್ತೆ ಮೊದಲಿಂದ ಹೊಡೆದೆ. ಆರು, ಏಳು. ದನಿ ಅವಸರ ಮಾಡದೆ ನನಗಾಗಿ ನಡೆಯುತ್ತಿತ್ತು. ಹನ್ನೊಂದು ಎನ್ನುವಾಗ ಮುಗಿಯಿತು ಎಂದೆ. ತಿರುಗಿ ಬಂದು ಪಕ್ಕದಲ್ಲಿ ನಿಂತು, ಸಿಂಕ್ ಎಂದು ಅವರೇ ಹೊಡೆದರು, ಒಂದು ಸಲ, ಎರಡು ಸಲ. ಸ್ವಲ್ಪ ತಡೆದು, ಕರೆಂಟಿನವರಿಗೂ ಒಂದು ಎಂದು ಮೂರನೆಯದನ್ನೂ ಹೊಡೆದರು. ಆಮೇಲೆ ಸ್ವಿಚ್ಚು ಆರಿಸಿದರು. ಪರದೆಯ ಹಸಿರು ಚಿಕ್ಕದೊಂದು ಚುಕ್ಕೆಯಾಗಿ ಹೋಯಿತು.

ಅವರನ್ನು ಬಸ್ಸಿಗೆ ಬಿಟ್ಟು ಬಂದು, ಎಷ್ಟು ಗಾಡಿ ಎಂದು ಡೈರಿಗೆ ಬರೆಯಲು ನಾನೂ ಆ ಕಿಟಕಿಯಿಂದ ನೋಡಿದೆ. ಈಗೆಲ್ಲ ಟ್ರಾಕ್ಟರುಗಳೇ, ಅವು ಕಿಟಕಿಗೆ ಕಾಣದಂತೆ ಆಚೆ ರಸ್ತೆಯಲ್ಲೇ ನಿಲ್ಲುತ್ತವೆ. ಹುಣಸೆಮರದ ಕೆಳಗೆ ಬೆಳಗಿನಿಂದ ನಿಂತಿದ್ದದ್ದು ಒಂದೇ ಒಂದು ಗಾಡಿ.